ಬಡತನಕ್ಕೂ ಒಂದು ಎಲ್‌ಇಡಿ

ಬಳ್ಳಾರಿಯ ಗ್ರಂಥಾಲಯದ ಆ ಫೋಟೋ ನೀವೂ ನೋಡಿರ್ತೀರಿ. ಗಾಜಿನ ಪೆಟ್ಟಿಗೆ, ಒಳಗೆ ಕಾಂಗ್ರೆಸ್ಸಿನ ಹಿರಿಯ ನಾಯಕ ದಾದಾಭಾಯಿ ನೌರೋಜಿಯವರು ಬ್ರಿಟಿಷ್ ಕಾಲದ ಭಾರತದ ಬಡತನದ ಬಗ್ಗೆ ಬರೆದ ಪುಸ್ತಕ, ಹೊರಗೆ ಒಬ್ಬರ ಭುಜದ ಮೇಲೊಬ್ಬರು ಇಣುಕುವ ಗಣ್ಯರು. ಪುಸ್ತಕಕ್ಕೆ ಚೆಂಡು ಹೂವಿನ ಹಾರ, ರಟ್ಟಿಗೆ ಅರಿಶಿನ ಕುಂಕುಮ. ‘ಕೋಟಿ ಬೆಲೆಯ ಗ್ರಂಥ’ ಅಂತ ಭಾಷಣ ಬೇರೆ. ಬಡತನಕ್ಕೆ ಇಷ್ಟು ಶ್ರೀಮಂತ ಸತ್ಕಾರ ಬೇರೆ ಯಾವ ಜಿಲ್ಲೆಯಲ್ಲಿ ನಡೆದೀತು?

ಪುಸ್ತಕ 1901ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಪಾವರ್ಟಿ ಅಂಡ್ ಅನ್-ಬ್ರಿಟಿಷ್ ರೂಲ್ ಇನ್ ಇಂಡಿಯಾ’. ಆರುನೂರಕ್ಕೂ ಹೆಚ್ಚು ಪುಟ. 1867–68ರ ಸರ್ಕಾರಿ ಅಂಕಿಗಳನ್ನೇ ಕೂಡಿಸಿ ಕಳೆದು, ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಬರುವುದು 20 ರೂಪಾಯಿ ಎಂದು ನೌರೋಜಿ ತೋರಿಸಿದರು. ಆಮೇಲೆ ಜೈಲಿನ ಲೆಕ್ಕ ತೆಗೆದರು. ಕೈದಿಯ ಊಟ, ಬಟ್ಟೆಗೆ ಸರ್ಕಾರ ಮಾಡುತ್ತಿದ್ದ ಖರ್ಚು ಅದಕ್ಕಿಂತ ಹೆಚ್ಚು! ಹೊರಗೆ ದುಡಿದವನಿಗಿಂತ ಒಳಗೆ ಕೂತವನದೇ ಹೊಟ್ಟೆ ತಣ್ಣಗೆ. ಜೈಲೂಟದ ಸುದ್ದಿಯನ್ನು ಬಳ್ಳಾರಿಯವರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ, ಬಿಡಿ.

ಈ ಲೆಕ್ಕವನ್ನು ನೌರೋಜಿ ಮುಂಬೈಯಲ್ಲಿ ಸಭೆಯ ಮುಂದೆ ಓದಿದ್ದು 1876ರಲ್ಲಿ. ಅದೇ ವರ್ಷ ಬಳ್ಳಾರಿಗೆ ಮಳೆ ಕೈಕೊಟ್ಟಿತು. ಮರುವರ್ಷ ಬರಗಾಲ ನೋಡಲು ಬ್ರಿಟಿಷ್ ಸರ್ಕಾರ ಕಳಿಸಿದ ರಿಚರ್ಡ್ ಟೆಂಪಲ್ ಸಾಹೇಬರು ಬಂದು, ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೊಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಚಿಲ್ಲರೆ ಸಾಕೆಂದರು. ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್, ಇಷ್ಟರಲ್ಲಿ ಆಳು ಬದುಕಲ್ಲ ಎಂದು ಜಗಳ ತೆಗೆದ. ಇದೆಲ್ಲ ನಡೆದದ್ದು ನಮ್ಮ ನೆಲದ ಮೇಲೆ. ಭಾಷಣದಲ್ಲಿ ಒಂದಕ್ಷರ ಬರಲಿಲ್ಲ. ಪುಸ್ತಕ ತೆರೆದಿದ್ದರಲ್ಲವೇ!

ತೆರೆದಿದ್ದಾರೆ, ತಪ್ಪು ಹೇಳಬಾರದು. ಸರಿಯಾಗಿ ನಡುವಿಗೆ ತೆರೆದು, ಮಲಗಿಸಿ, ಎರಡೂ ಬದಿ ಸೆಲೋಟೇಪ್ ಅಂಟಿಸಿದ್ದಾರೆ. ಹಳೇ ಹೊಲಿಗೆಯ ಪುಸ್ತಕವನ್ನು ಹಾಗೆ ಚಪ್ಪಟೆ ಮಲಗಿಸಿದರೆ ಬೆನ್ನು ಬಿರಿಯುತ್ತದೆ, ಕೆಳಗೆ ಎರಡೂ ರಟ್ಟಿಗೆ ಓರೆ ಆಸರೆ ಕೊಡಬೇಕು. ಸೆಲೋಟೇಪಿನ ಅಂಟು ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಕೀಳಲು ಹೋದರೆ ಅಕ್ಷರವೂ ಎದ್ದು ಬರುತ್ತದೆ. ಹರಿದ ಪುಟಕ್ಕೆ ತೆಳು ಜಪಾನಿ ಕಾಗದ, ಗೋಧಿ ಗಂಜಿಯ ಅಂಟು ಸಾಕು; ನಾಳೆ ಬೇಡವಾದರೆ ನೀರಿನ ಪಸೆಗೆ ಬಿಡುತ್ತದೆ. ಆ ಕಾಲದ ಬಹುಪಾಲು ಕಾಗದ ಮರದ ತಿರುಳಿನದು, ತನ್ನ ಆಮ್ಲದಿಂದಲೇ ಬೆಂದು ಬಿಸ್ಕತ್ತಿನಂತೆ ಮುರಿಯುತ್ತದೆ. ಅದರ ಪಕ್ಕದಲ್ಲೇ ಹೊಸ ಪ್ಲೈವುಡ್! ಅದು ಉಗುಳುವ ಆಮ್ಲದ ಆವಿಗೆ ಹೊರಹೋಗಲು ಒಂದು ತೂತೂ ಇಲ್ಲ. ತೇವಾಂಶ ಶೇ 50ರ ಆಸುಪಾಸು, ಬೆಳಕು ಮಂದವಾಗಿ 50 ಲಕ್ಸ್ ಇರಬೇಕಾದ ಜಾಗದಲ್ಲಿ ಒದ್ದೆ ಚೆಂಡು ಹೂವು, ಹಗಲು ರಾತ್ರಿ ಉರಿಯುವ ಎಲ್‌ಇಡಿ ಪಟ್ಟಿ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಎಸಿ ರೂಮು ಸಿಗಲ್ಲ.

ಇನ್ನು ಕೋಟಿ ಬೆಲೆ. ಶೀರ್ಷಿಕೆ ಪುಟಕ್ಕೆ ದುಂಡು ಮೊಹರು, ಬೆನ್ನಿಗೆ ಬಿಳಿ ಬಣ್ಣದ ನಂಬರು, ಮರುಬೈಂಡಿನಲ್ಲಿ ಅಂಚು ಕತ್ತರಿಸಿದ ಪ್ರತಿ. ಇವೆಲ್ಲ ಬೆಲೆ ಇಳಿಸುವ ಗುರುತುಗಳೇ. ಹಳೇ ಪುಸ್ತಕದ ವ್ಯಾಪಾರಿ ನೋಡಿದರೆ ಕೈಗೆ ಚಹಾ ಕೊಟ್ಟು ಕಳಿಸುತ್ತಾನೆ. ಓದುವುದಕ್ಕಾದರೆ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಇದೆ.

ಆದರೆ ಅದನ್ನು ಓದಲು ಗ್ರಂಥಾಲಯದಲ್ಲಿ ನಡೆಯುವ ಕಂಪ್ಯೂಟರ್ ಬೇಕಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ರಸೀದಿ ತೆಗೆದು ನೋಡಿ, ಇದೆ. ಸ್ಥಳೀಯ ಸಂಸ್ಥೆ ವಸೂಲಿ ಮಾಡಿ ಗ್ರಂಥಾಲಯಕ್ಕೆ ದಾಟಿಸಬೇಕು. ವಸೂಲಿ ತಪ್ಪಿದ್ದಿಲ್ಲ, ದಾಟಿಸುವ ಮಾತೆತ್ತಿದರೆ ಬಾಕಿಯ ಕಥೆ. ಓದುವ ಕೋಣೆಯಲ್ಲಿ ಪಿಡಿಒ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ನೆಲದ ಮೇಲೆ ಪೇಪರ್ ಹಾಸಿ ಕೂತಿದ್ದಾರೆ. ಬಳ್ಳಾರಿಯ ಬೇಸಿಗೆ, ತಿರುಗದ ಫ್ಯಾನು, ಕುಡಿಯೋ ನೀರಿಗೆ ರಸ್ತೆ ದಾಟಬೇಕು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಆ ಪೆಟ್ಟಿಗೆಯ ದುಡ್ಡಿಗೆ ನಾಲ್ಕು ಫ್ಯಾನು ಬರುತ್ತಿತ್ತು.

ಸದ್ಯಕ್ಕೆ ಆ ದೀಪವನ್ನಾದರೂ ಆರಿಸಿ ಎಂದರೆ, ಸ್ವಿಚ್ಚು ಪೆಟ್ಟಿಗೆಯ ಒಳಗಿದೆಯಂತೆ. ಬೀಗದ ಕೈ ಇಟ್ಟುಕೊಂಡವರಿಗೆ ಕೊಪ್ಪಳಕ್ಕೆ ವರ್ಗವಾಗಿದೆ.