ಮರ ಹತ್ತುವವರ ವಿಮೆಯೂ ತೋಟದ ಖರ್ಚೇ

ಅಡಿಕೆಗೆ ರೇಟು ಎಷ್ಟಾಯ್ತು ಅಂತ ಎಲ್ಲರೂ ಕೇಳುತ್ತಾರೆ. ಬೆಳೆಯಲು ಎಷ್ಟು ಖರ್ಚಾಯ್ತು ಅಂತ ಕೇಳುವವರು ಕಡಿಮೆ.

ಕೊಳೆರೋಗ ಬಾರದಂತೆ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ತೋಟದವರಿಗೆಲ್ಲ ಬಾಯಿಪಾಠ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಮಳೆ ಬಿಡದಿದ್ದರೆ ಮೂರನೆಯದೂ ಬೇಕು. ಈಗ ಎಲೆಚುಕ್ಕೆ ರೋಗ ಬೇರೆ ಸೇರಿಕೊಂಡಿದೆ. ಕೊಳೆ ಬಂದರೆ ಆ ವರ್ಷದ ಕಾಯಿ ಉದುರುತ್ತದೆ. ಎಲೆಚುಕ್ಕೆ ಹಾಗಲ್ಲ, ಮರದ ಸೋಗೆಯನ್ನೇ, ಅಂದರೆ ಗರಿಯನ್ನೇ ಒಣಗಿಸುತ್ತದೆ. ಮರ ಸೊರಗಿ ಮುಂದಿನ ಫಸಲಿಗೂ ಪೆಟ್ಟು ಬೀಳುತ್ತದೆ. ಅದಕ್ಕೆ ಬೇರೆ ಔಷಧಿ, ಮತ್ತೆ ಕೂಲಿ.

ಬೆಳೆಗೆ ಹವಾಮಾನ ಆಧಾರಿತ ವಿಮೆ ಇದೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ರೈತರು ಕಟ್ಟುವುದು ಅದರ ಶೇ. 5, ಅಂದರೆ 6,400 ರೂಪಾಯಿ. ಆದರೆ ನಿಮ್ಮ ತೋಟಕ್ಕೆ ಬಂದು ಕೊಳೆ ನೋಡಿ ಪರಿಹಾರ ಕೊಡುವುದಿಲ್ಲ. ಮಳೆಮಾಪನ ಯಂತ್ರ ಬರೆದುಕೊಂಡ ಲೆಕ್ಕವೇ ಅಂತಿಮ. ಯಂತ್ರ ಸರಿಯಿಲ್ಲದಿದ್ದರೆ ರೈತರು ಅಲೆಯಬೇಕು. ಇದು ಸರಿಯಾಗಲೇಬೇಕು, ಅದಕ್ಕೆ ನಾವು ಜಗಳವನ್ನೂ ಮಾಡುತ್ತೇವೆ.

ಆದರೆ ಔಷಧಿ ಹೊಡೆಯಲು, ಅಡಿಕೆ ಗೊನೆ ಇಳಿಸಲು ಮರ ಹತ್ತುವ ಕೊನೆಗಾರರ ಬಗ್ಗೆ ಯಾರು ಜಗಳ ಮಾಡುತ್ತಾರೆ?

ಪಾಚಿ ಕಟ್ಟಿದ ಮರ, ಸೊಂಟಕ್ಕೊಂದು ಹಗ್ಗ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ದಾಟುವ ಕೆಲಸ. ಕೈ ತಪ್ಪಿದರೆ ಬೆನ್ನುಮೂಳೆ. ದುಡಿಯುವ ವಯಸ್ಸಿನಲ್ಲೇ ಹಾಸಿಗೆ ಹಿಡಿದವರನ್ನು ಮಲೆನಾಡಿನವರು ನೋಡಿಯೇ ಇರುತ್ತೀರಿ. ಆಗ ತೋಟದವರು ಕೈಲಾದಷ್ಟು ಕೊಡುತ್ತಾರೆ, ಊರವರು ಚಂದಾ ಎತ್ತುತ್ತಾರೆ. ಅಷ್ಟರಲ್ಲಿ ಆ ಮನೆಯ ಬಂಗಾರ ಅಡವು ಸೇರಿರುತ್ತದೆ. ಕೊನೆಗಾರರು ಸಿಗುವುದಿಲ್ಲ, ಕೂಲಿ ಜಾಸ್ತಿ ಅಂತ ನಾವು ಹೇಳುತ್ತೇವಲ್ಲ, ತಮ್ಮ ಮಗ ಈ ಕೆಲಸಕ್ಕೆ ಬರುವುದು ಬೇಡ ಅಂತ ಅವರು ಅನ್ನುವುದು ಇದಕ್ಕೇ. ಅವರು ಅನ್ನುವುದು ಸರಿಯಾಗಿಯೇ ಇದೆ.

ಪ್ರಧಾನ ಮಂತ್ರಿ ಸುರಕ್ಷಾ ಬಿಮಾದ ವಾರ್ಷಿಕ ಕಂತು 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ ಸಿಗುತ್ತದೆ. ಜೂನ್ 1ರಿಂದ ಮೇ 31ರವರೆಗೆ ಲೆಕ್ಕ, ಅಂದರೆ ಮಳೆಗಾಲದ ಹೊಸ್ತಿಲಲ್ಲೇ ಶುರು. ಆದರೆ ಆಸ್ಪತ್ರೆಯ ಖರ್ಚು ಇದರಲ್ಲಿ ಬರುವುದಿಲ್ಲ. ಅದಕ್ಕೆ ಚಿಕಿತ್ಸೆಯ ವೆಚ್ಚವೂ ಸೇರಿದ ಅಪಘಾತ ವಿಮೆ ಬೇರೆ ಮಾಡಿಸಬೇಕು, ಕಂತು ಜಾಸ್ತಿ ಆಗುತ್ತದೆ. ಒಬ್ಬ ಕೊನೆಗಾರರು ಒಂದೇ ತೋಟಕ್ಕೆ ಹೋಗುವುದಿಲ್ಲ, ಅಲ್ವಾ? ಅವರು ಹೋಗುವ ತೋಟದವರೆಲ್ಲ ಸೇರಿ ಕಟ್ಟಿದರೆ ಒಬ್ಬೊಬ್ಬರ ಪಾಲಿಗೆ ದೊಡ್ಡ ಮೊತ್ತ ಬರಲಿಕ್ಕಿಲ್ಲ. ಮೈಲುತುತ್ತದ ಬಿಲ್ಲಿನ ಪಕ್ಕದಲ್ಲೇ ಇದನ್ನೂ ಬರೆದಿಡಬೇಕು. ಇದು ಧರ್ಮಕ್ಕೆ ಕೊಡುವ ದುಡ್ಡಲ್ಲ.

ಸಾಲ, ಬೆಳೆ ವಿಮೆ ಎಲ್ಲಕ್ಕೂ ನಾವು ಹೋಗುವುದು ಊರಿನ ಸೊಸೈಟಿಗೇ, ಅಂದರೆ ಸಹಕಾರಿ ಸಂಘಕ್ಕೇ. ಕೊನೆಗಾರರ ಪಟ್ಟಿ ಮಾಡಿ ಒಟ್ಟಿಗೆ ವಿಮೆ ಮಾಡಿಸುವ ಕೆಲಸವನ್ನು ಅಲ್ಲಿಂದಲೇ ಶುರು ಮಾಡಬಹುದು. ನಮ್ಮ ಸಂಘದ ಸಭೆಯಲ್ಲಿ ನಾನು ಇದನ್ನು ಕೇಳುವವನಿದ್ದೇನೆ. ನಿಮ್ಮ ಊರಿನಲ್ಲಿ ಈಗಾಗಲೇ ಯಾರಾದರೂ ಮಾಡಿಸಿದ್ದರೆ ಕಂತು ಎಷ್ಟು, ಆಸ್ಪತ್ರೆ ಖರ್ಚು ಎಷ್ಟು ಸಿಕ್ಕಿತು ಅಂತ ದಯವಿಟ್ಟು ತಿಳಿಸಿ.