ವಾರ್ಮಾ ಕಾಫೋ

ಅಂಚೆಚೀಟಿ ಕೂಡಿಡೋದು ನನ್ನ ಹಳೇ ಚಟ. ಹೋದ ತಿಂಗಳು ಒಂದು ಲಕೋಟೆಯ ಮೇಲೆ 1959ರ ಪೋಲೆಂಡಿನ ಚೀಟಿ ಸಿಕ್ಕಿತು. ಗಡ್ಡ, ಕನ್ನಡಕ, ಥೇಟ್ ಲೆಕ್ಕದ ಮೇಷ್ಟ್ರ ಮುಖ. ಯಾರಪ್ಪಾ ಅಂತ ನೋಡಿದರೆ ಎಸ್ಪೆರಾಂಟೊ ಭಾಷೆ ಹುಟ್ಟಿಸಿದ ಝಾಮೆನ್‌ಹಾಫ್! ಅವರು ಹುಟ್ಟಿ ನೂರು ವರ್ಷವಾದ ನೆನಪಿಗೆ ತಂದ ಚೀಟಿ ಅದು.

ಅವರ ಊರು ಬಿಯಾವಿಸ್ಟಾಕ್. ರಷ್ಯನ್, ಪೋಲಿಷ್, ಯಿಡ್ಡಿಷ್, ಜರ್ಮನ್ ಮಾತಾಡುವವರು ಒಂದೇ ಬೀದಿಯಲ್ಲಿ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದರಂತೆ. ಈ ಕಣ್ಣಿನ ಡಾಕ್ಟರು ಎಲ್ಲರಿಗೂ ಸಲ್ಲುವ ಭಾಷೆಯೊಂದನ್ನು ಕಟ್ಟಿ, 1887ರಲ್ಲಿ ವಾರ್ಸಾದಲ್ಲಿ ಪುಸ್ತಕ ತಂದರು. ವ್ಯಾಕರಣ ಬರೀ 16 ನಿಯಮ. ಹೆಸರು ಹಾಕಿಕೊಂಡಿದ್ದು 'ಡಾಕ್ಟರ್ ಎಸ್ಪೆರಾಂಟೊ', ಅಂದರೆ ಆಸೆ ಇಟ್ಟುಕೊಂಡವನು. ಆ ಹೆಸರೇ ಭಾಷೆಗೂ ಅಂಟಿತು. ಸೋವಿಯತ್ ರಷ್ಯಾ 1927ರಲ್ಲೇ ಅಂಚೆಚೀಟಿ ಮೇಲೆ ಇವರ ಮುಖ ಅಚ್ಚು ಹಾಕಿತ್ತು. ಹತ್ತೇ ವರ್ಷದಲ್ಲಿ ಆ ಭಾಷೆ ಆಡುವವರನ್ನು ಹಿಡಿದು ಜೈಲಿಗೂ ಹಾಕಿತು. ಸರ್ಕಾರಗಳ ಪ್ರೀತಿ ಹಾಗೇ.

ನನಗೆ ಹಿಡಿಸಿದ್ದು ನಿಯಮ. ನಾವು ಬಸ್, ಕಾರ್‌ಗೆ 'ಉ' ಹಚ್ಚಿ ಬಸ್ಸು, ಕಾರು ಅಂತೀವಲ್ವಾ? ಅಲ್ಲಿ ಹೆಸರುಪದಕ್ಕೆಲ್ಲ 'ಓ'. ಕಾಫಿ ಅಂದರೆ 'ಕಾಫೋ', ಟೀ 'ತೇಓ'. ಬಿಸಿ 'ವಾರ್ಮಾ'. ಮುಂದೆ 'ಮಲ್' ಸೇರಿಸಿದರೆ ಅರ್ಥ ತಿರುಗುಮುರುಗು: 'ಮಲ್ವಾರ್ಮಾ' ಅಂದರೆ ತಣ್ಣಗೆ. ಇಷ್ಟು ಸಾಕು, ನಾನೂ ಪಂಡಿತ.

ಭಾನುವಾರ ಚೀಟಿಯನ್ನು ನೀರಲ್ಲಿ ನೆನೆಸಿ, ಲಕೋಟೆಯಿಂದ ಬಿಡಿಸಿ, ಮೇಜಿನ ಮೇಲೆ ಪೇಪರ್ ಹಾಸಿ ಒಣಗಲು ಇಟ್ಟೆ. ಖುಷಿಯಲ್ಲಿ ಅಡುಗೆಮನೆಯತ್ತ ಕೂಗಿದೆ, "ವಾರ್ಮಾ! ಕಾಫೋ!"

"ಯಾವ ವರ್ಮಾ? ಮೊದಲೇ ಹೇಳಬಾರದಾ?" ಅಂದಳು ಹೆಂಡತಿ. ನಾನು ಬಾಯಿ ತೆರೆಯುವುದರೊಳಗೆ ಕುರ್ಚಿ ಮೇಲಿದ್ದ ಬಟ್ಟೆ ಮಾಯವಾಯಿತು, ಮೇಜಿನ ಮೇಲೆ ಎರಡು ಲೋಟ ಕಾಫಿ ಬಂತು. ಅತಿಥಿಗೆ ಸೆಕೆ ಆಗಬಾರದು ಅಂತ ಫ್ಯಾನೂ ತಿರುಗಿತು, ಐದರ ಸ್ಪೀಡಿನಲ್ಲಿ.

ಹತ್ತು ನಿಮಿಷ ಕಾದಳು. ಯಾರೂ ಬರಲಿಲ್ಲ. ಇನ್ನೊಂದು ಲೋಟ ಮಲ್ವಾರ್ಮಾ ಆಗಿತ್ತು. ಪೇಪರ್ ನೋಡಿದೆ, ಖಾಲಿ. ನೆಲವೆಲ್ಲ ತಡಕಾಡಿದೆ. ಅವಳು ಆ ಲೋಟದೊಳಗೆ ಬಗ್ಗಿ ನೋಡಿದಳು. ಗಡ್ಡದ ಡಾಕ್ಟರು ಕೆನೆಯ ಮೇಲೆ ಅಂಗಾತ ತೇಲುತ್ತಿದ್ದರು.

"ಇವರೇನಾ ವರ್ಮಾ?" ಅಂದಳು.