ಸೋರುತ್ತಿದ್ದದ್ದು ನನ್ನ ಉಸಿರಲ್ಲ

ಮೊನ್ನೆ ಪಕ್ಕದ ಮನೆ ಅಜ್ಜಿ ಗೇಟಿನ ಹತ್ರ ನಿಂತು ಕೇಳಿದರು: “ಯಾರ ಮದುವಿಗಪ್ಪಾ ಈ ಸನಾದಿ?”

ನಾನು ಊದುತ್ತಿದ್ದದ್ದು ಓಬೋ, ಪಾಶ್ಚಾತ್ಯ ಸಂಗೀತದ ಊದುವ ವಾದ್ಯ. ಆದರೂ ಅಜ್ಜಿ ಮಾತಲ್ಲಿ ತಪ್ಪೇನಿಲ್ಲ, ಎರಡೂ ದಾಯಾದಿಗಳೇ. ಬಾಯಲ್ಲಿ ಜೋಡಿ ರೀಡ್, ಅಂದ್ರೆ ಊದಿದರೆ ಅದುರಿ ದನಿ ಹೊರಡಿಸುವ ಎರಡು ತೆಳು ಸೀಳು; ಕೆಳಗೆ ಹೋದಂತೆ ಅಗಲವಾಗುವ ಕೊಳವೆ. ಓಬೋಗೆ ಮೈತುಂಬ ಕೀಗಳಿವೆ, ತೂತು ಮುಚ್ಚಿ ತೆಗೆಯೋ ಲೋಹದ ಗುಂಡಿಗಳು, ಅಷ್ಟೇ. (ಅಷ್ಟೇ ಅನ್ನೋದು ಬಾಯಿಮಾತಿಗೆ. ನನ್ನನ್ನು ಗೋಳಾಡಿಸಿದ್ದೇ ಆ ಕೀಗಳು.)

ಒಳ್ಳೇ ಹೊಸ ಓಬೋ ಅಂದ್ರೆ ಲಕ್ಷಗಟ್ಟಲೆ. ನನ್ನದು ಸೆಕೆಂಡ್ ಹ್ಯಾಂಡ್, ಅದೂ ಪ್ಲಾಸ್ಟಿಕ್ ಮೈಯದು. ಬೆಂಗಳೂರಲ್ಲಿ ಒಬ್ಬರಿಂದ ಕೊಂಡು, ರೈಲಿನಲ್ಲಿ ತೊಡೆ ಮೇಲಿಟ್ಟುಕೊಂಡು ದಾವಣಗೆರೆಗೆ ತಂದೆ. ಮರದ್ದೇ ಆಗಬೇಕು ಅನ್ನೋರಿದ್ದಾರೆ. ಅನ್ನಲಿ. ನಮ್ಮೂರ ಏಪ್ರಿಲ್ ಬಿಸಿಲಿಗೆ ಮನೆ ಬಾಗಿಲೇ ಬಿರುಕು ಬಿಡುತ್ತದೆ. ಒಣಗಿದ ಮರದೊಳಗೆ ಬೆಚ್ಚಗಿನ ಹಸಿ ಉಸಿರು ಹೋದರೆ ಓಬೋನೂ ಸೀಳಬಹುದು. ಪ್ಲಾಸ್ಟಿಕ್‌ಗೆ ಆ ಚಿಂತೆಯಿಲ್ಲ.

ಆದರೆ ಕೆಳಗಿನ ಸ್ವರಗಳು ಏಳುತ್ತಲೇ ಇರಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ, “ಸಾರ್, ನಿಮಗೆ ಉಸಿರು ಸಾಲ್ತಿಲ್ಲ, ರೂಢಿ ಆಗ್ಬೇಕು” ಅಂದರು. ನಂಬಿದೆ. ಎಂಟು ತಿಂಗಳು ತುಟಿ ನೋಯಿಸಿಕೊಂಡೆ. ಅಸಲಿಗೆ ಓಬೋದಲ್ಲಿ ಕಷ್ಟ ಬೇರೆಯೇ. ರೀಡಿನ ಸಂದು ಎಷ್ಟು ಚಿಕ್ಕದೆಂದರೆ ಗಾಳಿ ಖರ್ಚೇ ಆಗಲ್ಲ. ಹಳಸಿದ ಗಾಳಿ ಎದೆಯಲ್ಲೇ ಉಳಿದು ಉಸಿರು ಕಟ್ಟುತ್ತದೆ. ಮೊದಲು ಅದನ್ನು ಹೊರಗೆ ಬಿಟ್ಟು ಆಮೇಲೆ ಹೊಸದು ಎಳೆದುಕೊಳ್ಳಬೇಕು.

ಕೊನೆಗೆ ನಿಜ ಹೇಳಿದ್ದು ಒಂದು ಸಿಗರೇಟ್ ಪೇಪರ್. ಸಣ್ಣ ಪಟ್ಟಿ ಕತ್ತರಿಸಿ, ಕೀ ಅಡಿಯಲ್ಲಿ ತೂತು ಮುಚ್ಚೋ ಪ್ಯಾಡಿನ ಕೆಳಗಿಟ್ಟು, ಕೀ ಮೆಲ್ಲಗೆ ಒತ್ತಿ, ಪೇಪರ್ ಎಳೆಯಬೇಕು. ಪ್ಯಾಡ್ ಸರಿಯಾಗಿ ಕೂತಿದ್ದರೆ ಪೇಪರನ್ನು ಹಿಡಿಯುತ್ತದೆ. ಒಂದೊಂದೇ ನೋಡುತ್ತಾ ಹೋದೆ. ಒಂದು ಕಡೆ ಮಾತ್ರ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಜಾರಿ ಬಂತು. ಅಲ್ಲೇ ಗಾಳಿ ಸೋರುತ್ತಿತ್ತು! ಓಬೋದಲ್ಲಿ ಒಂದು ಕೀ ಒತ್ತಿದರೆ ಜೊತೆಗೆ ಇನ್ನೊಂದೂ ಮುಚ್ಚಬೇಕು. ಅದನ್ನು ಹದಕ್ಕೆ ತರೋಕೆ ಸಾಸಿವೆಯಷ್ಟು ಸ್ಕ್ರೂ ಇರುತ್ತದೆ. ಮಂಡಿಪೇಟೆ ಕಡೆಯ ವಾಚ್ ರಿಪೇರಿಯವರ ಹತ್ರ ಹೋದೆ. ಓಬೋ ಅನ್ನೋದನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ನಾನು ತೋರಿಸಿದ ಸ್ಕ್ರೂ ಕಾಲು ಸುತ್ತು ತಿರುಗಿಸಿದರು. ಪೇಪರ್ ಹಿಡಿಯಿತು. 50 ರೂಪಾಯಿ ತಗೊಂಡರು. ಅಂಗಡಿ ಮುಂದೆಯೇ ಊದಿದೆ. ಎಂಟು ತಿಂಗಳು ಬಾರದ ಕೆಳಗಿನ ಸಿ ಸ್ವರ ಗುಂಯ್ ಅಂತ ಎದ್ದಿತು. ಟೀ ಕುಡೀತಾ ನಿಂತವರೆಲ್ಲ ತಿರುಗಿ ನೋಡಿದರು.

ಹವ್ಯಾಸಕ್ಕೆ ಊದುವವರು ಬ್ರ್ಯಾಂಡ್ ಹಿಂದೆ ಹೋಗೋದು ನನಗಂತೂ ಸುಮ್ನೆ ದಂಡ ಅನ್ನಿಸುತ್ತದೆ. ಸೋರದ ಹಳೇ ಓಬೋ ಸಾಕು, ಉಳಿದ ದುಡ್ಡು ರೀಡಿಗೆ ಹಾಕಿ. ದನಿ ಹುಟ್ಟೋದೇ ಅಲ್ಲಿ ಅಲ್ವಾ? ಕೆಟ್ಟ ರೀಡ್ ಇದ್ದರೆ ಎಂಥ ದುಬಾರಿ ಓಬೋನೂ ಬಾತುಕೋಳಿಯೇ.

ರೀಡ್ ವಿಷಯದಲ್ಲೇ ನಮ್ಮೂರು ಕೈಕೊಡೋದು. ಬೆಣ್ಣೆ ದೋಸೆ ಸಿಗದ ಬೀದಿ ಇಲ್ಲ, ಓಬೋ ರೀಡ್ ಮಾತ್ರ ಪಾರ್ಸೆಲ್‌ನಲ್ಲೇ ಬರಬೇಕು. ಈ ತಿಂಗಳದ್ದು ಇನ್ನೂ ಬಂದಿಲ್ಲ. ಹಳೇದರ ತುದಿ ನಿನ್ನೆ ಸೀಳಿತು. ಅಜ್ಜಿಗೆ ನಾಲ್ಕು ದಿನ ನೆಮ್ಮದಿ.